ಎನ್‌ಪಿಸಿ ಒಪ್ಪುತ್ತಾನಾ ಅಂತ ಡೈಸನ್ನು ಕೇಳುವುದು ಬಿಟ್ಟೆ

‘ಒಪ್ಪುತ್ತಾನೋ ಇಲ್ವೋ ಅಂತ ನೀನೇ ಹೇಳಿಬಿಟ್ಟರೆ ನನ್ನ ಬಾರ್ಡ್ ಯಾಕೆ ಬೇಕು?’ ನಾವು ಆಡುವುದು ಡಂಜನ್ಸ್ ಆಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದು ಪಾತ್ರವಾಗಿ ಆಡುವ ಕಥೆಯಾಟ. ಕಥೆ ನಡೆಸುವ ಜಿಎಂ (ಗೇಮ್ ಮಾಸ್ಟರ್) ನಾನು. ಎನ್‌ಪಿಸಿ ಅಂದರೆ ಜಿಎಂ ಆಡಿಸುವ ಪಾತ್ರ, ಬಾರ್ಡ್ ಅಂದರೆ ಮಾತಿನಲ್ಲೇ ಮೋಡಿ ಮಾಡುವ ಹಾಡುಗಾರ ಪಾತ್ರ. ಎನ್‌ಪಿಸಿ ಒಪ್ಪುತ್ತಾನೋ ಇಲ್ಲವೋ ಅನ್ನುವುದನ್ನು ಪೂರ್ತಿ ಡೈಸಿಗೇ ಬಿಡದ ಈ ಪದ್ಧತಿ ಶುರು ಮಾಡಿದಾಗ ನಮ್ಮ ಗುಂಪಿನಲ್ಲಿ ಎದ್ದ ಮೊದಲ ತಕರಾರು ಇದು. ಹೆಚ್ಚು ಕಡಿಮೆ ಒಂದೂವರೆ ವರ್ಷ ಆಯ್ತು. ಅವತ್ತು ಜಗಳಕ್ಕೆ ಬಂದವನೇ ಈಗ ತಾನು ಜಿಎಂ ಆಗಿರುವ ಆಟದಲ್ಲಿ ಇದನ್ನೇ ಬಳಸುತ್ತಿದ್ದಾನೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತೇನೆ.

ಹಿಂದಿನ ಪಾಡು ಕೇಳಿ. ಆಟದ 3.5 ಆವೃತ್ತಿಯಲ್ಲಿ ಡಿಪ್ಲೊಮಸಿಗೆ (ಮನವೊಲಿಸುವ ಕೌಶಲಕ್ಕೆ) ಒಂದು ಪಟ್ಟಿ ಇತ್ತು: ಡೈಸ್, ಕೌಶಲ ಸೇರಿ ಹಗೆಯನ್ನು ಸ್ನೇಹಿತ ಮಾಡಲು 35, ಜೊತೆಗೆ ನಿಲ್ಲಿಸಿಕೊಳ್ಳಲು 50. ಬ್ಲಫ್ (ಸುಳ್ಳು ನಂಬಿಸುವುದು), ಸೆನ್ಸ್ ಮೋಟಿವ್ (ಮನಸ್ಸು ಓದುವುದು), ನೋಬಿಲಿಟಿ (ಕುಲೀನರ ಬಗೆಗಿನ ತಿಳಿವು) ಕೌಶಲಗಳಿಗೆ ತಲಾ 5 ರ‍್ಯಾಂಕ್ ಹಾಕಿದರೆ ಡಿಪ್ಲೊಮಸಿಗೆ ತಲಾ +2 ಸಿಗುತ್ತಿತ್ತು. ನಮ್ಮ ಪುಣ್ಯಾತ್ಮನೊಬ್ಬ ಹತ್ತನೇ ಲೆವೆಲ್ ಹೊತ್ತಿಗೆ ಎದುರಿಗೆ ಬಂದ ಖಳನಾಯಕರನ್ನೆಲ್ಲ ಗೆಳೆಯರನ್ನಾಗಿ ಮಾಡಿಕೊಂಡ. ಕಥೆ ಅಲ್ಲಿಗೆ ಮುಗೀತು. ಆಮೇಲೆ ಡೈಸೇ ಬೇಡ, ಬರೀ ಮಾತು ಅಂದೆ. ಮೇಜಿನ ಸುತ್ತ ಚೆನ್ನಾಗಿ ಮಾತಾಡುವವನದೇ ರಾಜ್ಯ ಆಯ್ತು. ಪಾತ್ರಕ್ಕೆ ಕರಿಸ್ಮಾ (ವ್ಯಕ್ತಿತ್ವದ ಸೆಳೆತದ ಅಂಕ) 18 ಇಟ್ಟುಕೊಂಡ ನಾಚಿಕೆ ಸ್ವಭಾವದ ಪ್ಲೇಯರ್ ಸುಮ್ನೆ ಕೂತಿರುತ್ತಿದ್ದಳು. ನಡುವೆ ಎನ್‌ಪಿಸಿ ಕಾರ್ಡಿನ ಎರಡು ಡೆಕ್ ಕೊಂಡೆ. ಒಂದು ರೂಲ್‌ಬುಕ್ಕಿನಷ್ಟು ದುಡ್ಡು. ಚಿತ್ರಗಳು ಚೆಂದ, ಉಪಯೋಗ ಸೊನ್ನೆ.

ಈಗ ಮಾಡುವುದು ಇಷ್ಟು. ಖಾಲಿ ಕಾರ್ಡಿನಲ್ಲಿ ಮೂರು ಸಾಲು: ಇವನಿಗೆ ಏನು ಬೇಕು, ಯಾವುದಕ್ಕೆ ಹೆದರುತ್ತಾನೆ, ಸತ್ತರೂ ಏನು ಮಾಡಲ್ಲ. ಕೇಳಿದ್ದು ಮೂರನೇ ಸಾಲಿಗೆ ತಾಗಿದರೆ ಇಪ್ಪತ್ತು ಮುಖದ ಡೈಸಿನಲ್ಲಿ ನ್ಯಾಚುರಲ್ 20 (ನೇರ ಇಪ್ಪತ್ತು) ಬಿದ್ದರೂ ಇಲ್ಲ. ಬೇಡ ಅನ್ನಲು ಕಾರಣವೇ ಇಲ್ಲದಿದ್ದರೆ ಡೈಸ್ ಮುಟ್ಟದೆ ಹೌದು. ಉಳಿದದ್ದಕ್ಕೆ ಮಾತ್ರ ರೋಲ್, ಡಿಸಿ (ಗೆಲ್ಲಲು ಮುಟ್ಟಬೇಕಾದ ಅಂಕ) 15ರ ಆಸುಪಾಸು. ಮೊದಲೆರಡು ಸಾಲಿನಲ್ಲಿ ಒಂದನ್ನು ಮಾತಲ್ಲಿ ಹೊರತೆಗೆದರೆ ಅಡ್ವಾಂಟೇಜ್, ಅಂದರೆ ಡೈಸ್ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. ಸೋತರೂ ಅವನು ಒಪ್ಪುತ್ತಾನೆ, ಆದರೆ ಬೆಲೆ ಏರುತ್ತದೆ. ಆ ಬೆಲೆ ಕೊಡುವುದೋ ಬಿಡುವುದೋ ಪ್ಲೇಯರ್‌ಗಳ ಇಷ್ಟ. ಮಾತನ್ನು ನಟಿಸಬೇಕಿಲ್ಲ. ‘ಅವನ ಸಾಲದ ವಿಷಯ ಎತ್ತುತ್ತೇನೆ’ ಅಂದರೂ ಸಾಕು.

ಒಮ್ಮೆ ಕೋಟೆಯ ಕಾವಲುಗಾರನಿಗೆ 50 ಚಿನ್ನದ ನಾಣ್ಯ ಚಾಚಿದರು. ಮುಟ್ಟಲಿಲ್ಲ. ಅವನ ಭಯ ಕ್ಯಾಪ್ಟನ್, ದುಡ್ಡು ಸಿಕ್ಕಿಬಿದ್ದರೆ ತಲೆ ಹೋಗುತ್ತದೆ. ಅದನ್ನು ಕೆದಕಿ ತೆಗೆದವಳು ಅದೇ ನಾಚಿಕೆಯ ಹುಡುಗಿ. ಅಡ್ವಾಂಟೇಜ್ ಇದ್ದರೂ ರೋಲ್ ಕೈಕೊಟ್ಟಿತು. ಬಾಗಿಲು ತೆರೆಯಿತು, ಆದರೆ ‘ನನ್ನನ್ನೂ ಕರೆದುಕೊಂಡು ಹೋಗಿ’ ಅಂತ ಅವನು ಗಂಟುಬಿದ್ದ. ಇನ್ನೂ ಜೊತೆಗೇ ಇದ್ದಾನೆ, ಪಾಲೂ ಕೇಳುತ್ತಾನೆ. ಮೊದಲು ಪಾರ್ಟಿಯ (ಪ್ಲೇಯರ್‌ಗಳ ಪಾತ್ರಗಳ ತಂಡದ) ಚಿನ್ನ ಕೊಳೆಯುತ್ತಿತ್ತು. ಈ ಕ್ಯಾಂಪೇನಿನಲ್ಲಿ (ಹಲವು ಕೂಟಗಳಲ್ಲಿ ಸಾಗುವ ಒಂದೇ ಕಥೆಯಲ್ಲಿ) ಲಂಚ, ಸಾಲ ತೀರಿಸಿದ್ದು ಎಲ್ಲ ಸೇರಿ 2,000 ಚಿನ್ನದ ನಾಣ್ಯ ದಾಟಿರಬೇಕು.

ಕಾರ್ಡ್ ಇಲ್ಲದವರು ದಾರಿಯಲ್ಲಿ ಸಿಕ್ಕರೆ ಇದೇ ಆಟದ 1974ರ ಮೊದಲ ಆವೃತ್ತಿಯ ರಿಯಾಕ್ಷನ್ ರೋಲ್ (ಎದುರಾದವರ ಮೊದಲ ವರ್ತನೆ ಹೇಳುವ ರೋಲ್) ಎತ್ತಿಕೊಳ್ಳುತ್ತೇನೆ. ಎರಡು ಡಿ6 (ಆರು ಮುಖದ ಡೈಸ್) ಸೇರಿ 2 ಬಿದ್ದರೆ ಮೈಮೇಲೆ ಬೀಳುತ್ತಾರೆ, 12 ಬಿದ್ದರೆ ತಾವಾಗೇ ಸ್ನೇಹ. ಇಷ್ಟು ಹಳೆಯದು ಈಗಲೂ ಓಡುತ್ತದೆ, ನೋಡಿ! ಮಾತಿಗೆ ಮರಳಿನ ಗಡಿಯಾರ ಇಟ್ಟೂ ನೋಡಿದೆ. ಎಲ್ಲರೂ ಮರಳನ್ನೇ ನೋಡುತ್ತಾ ಕೂತರು, ತೆಗೆದಿಟ್ಟೆ.

ಮೂರನೇ ಸಾಲನ್ನು ಆಟದ ನಡುವೆ ಬದಲಿಸುವ ಒಂದು ಉಪಾಯ ಇದೆ. ನನ್ನ ಪ್ಲೇಯರ್‌ಗಳೂ ಇದನ್ನು ಓದುತ್ತಾರೆ, ಅದು ಮಾತ್ರ ಹೇಳಲ್ಲ.