ಸಿರಿಂಜು ಊದಿಸಿ ಎಸ್‌ವಿಟಿ ಇಳಿಸಿದ್ದು

"ಸಿರಿಂಜು ಊದಿದರೆ ಎದೆ ಬಡಿತ ಇಳೀತದೇನ್ರಿ ಡಾಕ್ಟ್ರೇ?" ಅಂತ ನಮ್ಮ ಸಿಸ್ಟರೇ ನಕ್ಕಿದ್ದರು. ಶಹಾಪುರದ ನನ್ನ ಕ್ಲಿನಿಕ್ಕಿಗೆ ಎರಡು ವರ್ಷದಲ್ಲಿ ಹದಿನಾಲ್ಕೋ ಹದಿನೈದೋ ಎಸ್‌ವಿಟಿ (ಇದ್ದಕ್ಕಿದ್ದಂತೆ ಎದೆ ಬಡಿತ ವಿಪರೀತ ಏರೋ ತೊಂದರೆ) ಕೇಸು ಬಂದವು. ಆರೇಳು ಬರೀ ಸಿರಿಂಜಿನ ತುದಿಗೆ ಬಾಯಿಟ್ಟು ಊದಿಸಿದ್ದಕ್ಕೇ ಸರಿಹೋದವು. ಕಲಬುರಗಿಯ ಗೆಳೆಯರು ಇನ್ನೂ ನಂಬಲ್ಲ.

ಮೊದಲ ನಾಲ್ಕು ಫೇಲ್. ಊದಿಸಿ ಹಾಗೇ ಕೂರಿಸಿಬಿಡುತ್ತಿದ್ದೆ, ತಪ್ಪು ನನ್ನದೇ. 2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ ಪ್ರಯೋಗದಲ್ಲಿ, 15 ಸೆಕೆಂಡು ಊದಿಸಿ ತಕ್ಷಣ ಮಲಗಿಸಿ ಕಾಲೆತ್ತಿದವರಲ್ಲಿ ನೂರಕ್ಕೆ 43 ಮಂದಿಗೆ ಇಳಿದಿತ್ತು, ಊದಿಸಿ ಹಾಗೇ ಕೂರಿಸೋ ಹಳೆ ಪದ್ಧತಿಯಲ್ಲಿ 17. ಕಾಲೆತ್ತಲು ಶುರು ಮಾಡಿದ ಮೇಲೂ ಒಂದೆರಡು ಕೈಕೊಟ್ಟವು, ಯಾಕಂದರೆ ನಮ್ಮ ಮಂದಿ ಪುಂಗಿ ಊದಿದ ಹಾಗೆ ಕೆನ್ನೆ ಉಬ್ಬಿಸುತ್ತಾರೆ, ಎದೆಯಿಂದ ಒತ್ತಡ ಬರೋದೇ ಇಲ್ಲ. ಹೊಸ 10 ಎಂಎಲ್ ಸಿರಿಂಜು ಬಿಗಿ ಇರುತ್ತದೆ, ಮೊದಲೇ ಒಂದೆರಡು ಸಲ ಎಳೆದು ಸಡಿಲ ಮಾಡಿಡಿ. ಅಜ್ಜಿಯರಿಂದ ಪೂರಾ 15 ಸೆಕೆಂಡು ಊದಿಸೋಕೆ ನಾನು ಹೇಳೋ ಮಾತೊಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೊದಲು ಗೆದ್ದದ್ದು ಹತ್ತಿ ಬಿಡಿಸಲು ಹೋಗಿದ್ದ ಹೆಣ್ಣುಮಗಳಲ್ಲಿ. ಬಡಿತ 190ರ ಹತ್ತಿರ, ಬಿಪಿ ಚೆನ್ನಾಗಿತ್ತು. ಎರಡನೇ ಸಲಕ್ಕೆ ಕಾಲೆತ್ತಿದ್ದೇ ತಡ, 88. ಖರ್ಚು ಒಂದು ಸಿರಿಂಜು. ಕಲಬುರಗಿಗೆ ಕಳಿಸಿದ್ದರೆ ಗಾಡಿ ಬಾಡಿಗೆಯೇ ಎರಡೂವರೆ ಸಾವಿರ ಆಗುತ್ತಿತ್ತು.

ಬಡಿತ ಇಳಿಸೋ ಇಂಜೆಕ್ಷನ್ ಅಡೆನೊಸಿನ್ ಇಟ್ಟಿಲ್ಲ ಅಂತಲ್ಲ. ಒಂದು ವರ್ಷ ತಂದ ಆಂಪೂಲ್‌ಗಳಲ್ಲಿ ಅರ್ಧ ಡೇಟ್ ಮುಗಿದೇ ಹೋದವು, ಸಾವಿರ ಚಿಲ್ಲರೆ ರೂಪಾಯಿ ಮಣ್ಣಾಯಿತು. ಒಮ್ಮೆ ಒಬ್ಬನಿಗೆ ಅಂಗೈ ಹಿಂದಿನ ಸಣ್ಣ ರಕ್ತನಾಳಕ್ಕೆ 6 ಎಂಜಿ ಕೊಟ್ಟೆ, ಏನೂ ಆಗಲಿಲ್ಲ. ಹತ್ತು ಸೆಕೆಂಡೂ ಉಳಿಯದ ಔಷಧಿ, ಎದೆ ಮುಟ್ಟುವಷ್ಟರಲ್ಲಿ ಖಾಲಿ. ಈಗ ಮೊಣಕೈ ರಕ್ತನಾಳಕ್ಕೇ ಹಾಕಿ, ಹಿಂದೆಯೇ 20 ಎಂಎಲ್ ಸಲೈನ್ ತಳ್ಳುತ್ತೇನೆ. ಆಮೇಲೆ ಗೊತ್ತಾಯಿತು, ಆ ಪುಣ್ಯಾತ್ಮ ಮೂರು ಕಪ್ ಖಡಕ್ ಚಹಾ ಕುಡಿದು ಬಂದಿದ್ದ. ಕೆಫೀನ್ ಆ ಔಷಧಿಗೆ ಅಡ್ಡಗಾಲು, ಅಲ್ವಾ?

ಮೇ ತಿಂಗಳ ಬಿಸಿಲಲ್ಲಿ ಸುಮ್ನೆ ಐಸ್ ನೀರಿನ ಟವೆಲ್ ಮುಖಕ್ಕೆ ಒತ್ತಿಯೂ ನೋಡಿದೆ. ಒಬ್ಬ ಹುಡುಗನಿಗೆ ಇಳಿಯಿತು, ಉಳಿದವರು ಬೈದರು. ಬಡಿತ ಇಳಿಸೋಕೆ ಕುತ್ತಿಗೆ ಉಜ್ಜೋದನ್ನು ಅರವತ್ತು ದಾಟಿದವರಿಗೆ ನಾನು ಮಾಡಲ್ಲ, ಲಕ್ವದ ಭಯ.

ಊದಿಸುವಾಗ ಇಸಿಜಿ ನಿಲ್ಲಿಸಬೇಡಿ. ಕಳೆದ ತಿಂಗಳು ಒಬ್ಬರಿಗೆ ಬಡಿತ ಸರಿಯಾಗಿ 150, ಎಷ್ಟು ಊದಿಸಿದರೂ ಇಳಿಯಲಿಲ್ಲ. ಆದರೆ ಕಾಲೆತ್ತಿದಾಗ ಕ್ಷಣ ಹೊತ್ತು ನಿಧಾನವಾಗಿ, ಕಾಗದದ ಮೇಲೆ ಗರಗಸದ ಹಲ್ಲು ಮೂಡಿದವು. ಫ್ಲಟರ್! ಹೃದಯದ ಮೇಲ್ಕೋಣೆಯ ಬೇರೆ ಬಗೆಯ ಓಟ ಅದು, ಅಡೆನೊಸಿನ್‌ಗೆ ನಿಲ್ಲೋದಲ್ಲ. ಕಾಗದ ಓಡದೇ ಇದ್ದಿದ್ದರೆ ನಾನು ಇನ್ನೆರಡು ಆಂಪೂಲ್ ಒಡೆದೇ ಬಿಡುತ್ತಿದ್ದೆ.