ಒಡೆದ ಹಾರ್ನೆಟ್ ಟಬ್‌ಗೆ ಕೀಬೋರ್ಡಿನ ತೇಪೆ

ಈ ಬೇಸಿಗೆಯಲ್ಲಿ ನನ್ನ ಟಮಿಯಾ ಹಾರ್ನೆಟ್, ಅಂದರೆ ಜಪಾನಿನ ಟಮಿಯಾ ಕಂಪನಿಯ ರಿಮೋಟ್ ಗಾಡಿ, ಕೆರೆ ಅಂಗಳದಲ್ಲಿ ಹತ್ತೊಂಬತ್ತು ಬ್ಯಾಟರಿ ಚಾರ್ಜ್‌ನಷ್ಟು ಓಡಿದೆ. ಇಪ್ಪತ್ತೂ ಇರಬಹುದು, ಒಂದು ಭಾನುವಾರ ಬರೆದಿಟ್ಟುಕೊಳ್ಳುವುದು ಮರೆತೆ. ಟಬ್ (ಗಾಡಿಯ ಎಲ್ಲಾ ಭಾಗ ಕೂರುವ ತೊಟ್ಟಿಯಂಥ ಪ್ಲಾಸ್ಟಿಕ್ ತಳ) ಒಡೆದಿದ್ದ ಜಾಗದಲ್ಲಿ ಕೂದಲೆಳೆಯಷ್ಟೂ ಗೆರೆ ಮೂಡಿಲ್ಲ. "ಶೋಕೇಸಲ್ಲಿ ಇಡಿ ಸಾರ್, ಓಡಿಸೋಕೆ ಹೋಗ್ಬೇಡಿ" ಅಂದ ಬೆಂಗಳೂರಿನ ಅಂಗಡಿಯ ಹುಡುಗನಿಗೆ ವಿಡಿಯೋ ಕಳಿಸಿದೆ. ಅದು ಹೊಸ ಟಬ್ ಇರಬೇಕು ಅಂತ ಅವನ ಉತ್ತರ ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಡಿ ನನ್ನ ಕೈಗೆ ಬಂದದ್ದು 1986ರಲ್ಲಿ. ಮಸ್ಕತ್‌ನಲ್ಲಿದ್ದ ಸೋದರಮಾವ ತಂದುಕೊಟ್ಟರು. ಮರು ವರ್ಷ ಬಂದಾಗ ನನ್ನ ಗೆಳೆಯನಿಗೂ ಅದೇ ಕಂಪನಿಯ ಒಂದು ಗ್ರಾಸ್‌ಹಾಪರ್ ಗಾಡಿ ತಂದರು. ಅವನ ಅಪ್ಪ, ನನ್ನ ಅಪ್ಪ ಇಬ್ಬರೂ ಇಲ್ಲೇ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ದುಡ್ಡು ಅವರೇ ಸೇರಿಸಿ ಮಾವನಿಗೆ ಕೊಟ್ಟಿದ್ದರು. ಆದರೆ ಎರಡು ಗಾಡಿಯನ್ನು ಒಟ್ಟಿಗೆ ಓಡಿಸುವ ಭಾಗ್ಯ ನಮಗೆ ಸಿಗಲಿಲ್ಲ. ಮಾವ ತಂದ ಎರಡೂ 27 ಮೆಗಾಹರ್ಟ್ಸ್ ರಿಮೋಟ್‌ಗಳಲ್ಲಿ ಒಂದೇ ನಂಬರಿನ ಕ್ರಿಸ್ಟಲ್ (ರೇಡಿಯೋ ಚಾನೆಲ್ ಗೊತ್ತುಮಾಡುವ ಬಿಡಿಭಾಗ) ಇತ್ತು. ನಾನು ಸ್ವಿಚ್ ಹಾಕಿದರೆ ಅವನ ಗಾಡಿ ಹೋಗಿ ಗೋಡೆಗೆ ಗುದ್ದುತ್ತಿತ್ತು. ಬೇರೆ ಕ್ರಿಸ್ಟಲ್ ಆಗ ತುಮಕೂರಿನಲ್ಲಿ ಎಲ್ಲಿ ಸಿಗಬೇಕು? ಸರದಿ ಮೇಲೆ ಓಡಿಸಿದೆವು. ಆಮೇಲೆ ಕಾಲೇಜು, ಕೆಲಸ. ಗಾಡಿಗಳು ಅಟ್ಟ ಸೇರಿದವು.

ಅವನು ಈಗ ಬೆಂಗಳೂರಿನಲ್ಲಿದ್ದಾನೆ. ನಾನು ಇಲ್ಲೇ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಎರಡು ವರ್ಷದ ಹಿಂದೆ ಅವನ ಹಳೇ ಮನೆ ಖಾಲಿ ಮಾಡುವಾಗ ಗ್ರಾಸ್‌ಹಾಪರ್ ಸಿಕ್ಕಿತು. ಅವತ್ತು ರಾತ್ರಿಯೇ ನಾನೂ ಅಟ್ಟ ಹತ್ತಿದೆ.

ಎರಡರದ್ದೂ ಸ್ಥಿತಿ ನಿಮಗೆ ಗೊತ್ತಿರುವಂಥದ್ದೇ. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಪ್ಯಾಕ್ ಬಿಳಿ ಉಪ್ಪು ಕಾರಿತ್ತು. ಟೈರ್ ಕೊಬ್ಬರಿ ಚಿಪ್ಪಿನಷ್ಟು ಗಟ್ಟಿ. ಗ್ರಾಸ್‌ಹಾಪರಿನ ಬಿಳಿ ಬಾಡಿ ಹಳೇ ಪೇಪರಿನ ಬಣ್ಣಕ್ಕೆ ತಿರುಗಿತ್ತು. ಇದೆಲ್ಲ ದುಡ್ಡು ಕೊಟ್ಟರೆ ಮುಗಿಯುವ ಕೆಲಸ. ನಿಜವಾದ ತಲೆನೋವು ನನ್ನ ಹಾರ್ನೆಟ್‌ನ ಟಬ್. ಗೇರ್‌ಬಾಕ್ಸ್ ತೂಗುವ ಜಾಗದಲ್ಲಿ ಎರಡೂ ಕಡೆ ಬಿರುಕು ಬಿಟ್ಟಿತ್ತು. ಎಡಗಡೆಯದ್ದು ಸುಮಾರು ನಾಲ್ಕು ಸೆಂಟಿಮೀಟರ್, ತಳದ ತನಕ ಇಳಿದಿತ್ತು. 1988ರಲ್ಲಿ ನಾನೇ ಮನೆ ಮೆಟ್ಟಿಲ ಮೇಲಿಂದ ಹಾರಿಸಿದ್ದರ ಫಲ ಅದು. ಹಾರ್ನೆಟ್‌ನಲ್ಲಿ ಗೇರ್‌ಬಾಕ್ಸ್, ಹಿಂದಿನ ಅಚ್ಚು ಎಲ್ಲಾ ಒಂದೇ ತುಂಡಾಗಿ ಮೇಲೆ ಕೆಳಗೆ ಆಡುತ್ತದೆ. ಪ್ರತಿ ಹಾರಿಕೆಯ ಪೆಟ್ಟೂ ಅದನ್ನು ಹಿಡಿದಿರುವ ಟಬ್‌ನ ಆ ಎರಡು ಕಿವಿಗಳ ಮೇಲೇ ಬೀಳುತ್ತದೆ.

ಹೊಸದು ತರಿಸಿಕೊಳ್ಳಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. 1984ರ ಹಾರ್ನೆಟ್ಟನ್ನು ಕಂಪನಿ 2004ರಲ್ಲಿ ಮತ್ತೆ ಬಿಟ್ಟಿತು, ಗ್ರಾಸ್‌ಹಾಪರ್ ಅದರ ಮರುವರ್ಷ. ಆದರೆ ನಮ್ಮಲ್ಲಿ ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಅದರ ಮೇಲೆ ಸಾಗಾಣಿಕೆ ಬೇರೆ. ದುಡ್ಡಿನ ಮಾತು ಬಿಡಿ, ನನಗೆ ಬೇಕಾಗಿದ್ದು ಅಪ್ಪ ದುಡ್ಡು ಕೊಟ್ಟ ಆ ಗಾಡಿಯೇ ಓಡುವುದು.

ಮೊದಲು ಎಪಾಕ್ಸಿ ಅಂಟು ಹಾಕಿದೆ. ಮರಳು ಕಾಗದದಲ್ಲಿ ಉಜ್ಜಿ, ಎರಡು ದಿನ ಒಣಗಿಸಿ, ಅಂಗಡಿ ಮುಂದೆ ಓಡಿಸಿದೆ. ಮೊದಲನೇ ಉಬ್ಬಿನಲ್ಲೇ ಇಡೀ ತೇಪೆ ಒಂದು ಚಕ್ಕೆಯಾಗಿ ಎದ್ದು ಬಂತು. ಟಬ್ ಬಾಗುತ್ತದೆ, ಎಪಾಕ್ಸಿ ಬಾಗುವುದಿಲ್ಲ, ಅಷ್ಟೇ. ಆಮೇಲೆ ಸೂಪರ್ ಗ್ಲೂ ಜೊತೆ ಅಡುಗೆ ಸೋಡಾ. ಕಲ್ಲಿನ ಹಾಗೆ ಕಚ್ಚಿಕೊಂಡಿತು. ಎರಡನೇ ವಾರ ತೇಪೆ ಗಟ್ಟಿಯಾಗಿಯೇ ಇತ್ತು, ಪಕ್ಕದಲ್ಲಿ ಹೊಸ ಬಿರುಕು! ಮೂರನೆಯದು ಅಲ್ಯೂಮಿನಿಯಂ ಪಟ್ಟಿ, ನಟ್ಟು ಬೋಲ್ಟು. ಗಾಡಿಯ ಹಿಂಭಾಗ ಭಾರವಾಗಿ ಮುಂದಿನ ಚಕ್ರ ನೆಲ ಹಿಡಿಯುವುದನ್ನೇ ಬಿಟ್ಟಿತು. ಇಷ್ಟಾಗುವಾಗ ಎಂಟು ತಿಂಗಳು, 2,000 ರೂಪಾಯಿ ಹೋಗಿತ್ತು. ಗೆಳೆಯ ಫೋನ್ ಮಾಡಿ, "ಲೋ, ಸುಮ್ನೆ ದುಡ್ಡು ಹಾಳು ಮಾಡ್ಬೇಡ ಕಣೋ. ಕೆರೆಗೆ ತಗೊಂಡು ಹೋದ್ರೆ ಎರಡು ತುಂಡಾಗುತ್ತೆ" ಅಂದ.

ಟಬ್ ಎಬಿಎಸ್ ಅನ್ನುವ ಪ್ಲಾಸ್ಟಿಕ್‌ನದ್ದು. ಅದು ಅಸಿಟೋನಿನಲ್ಲಿ ಕರಗುತ್ತದೆ ಅನ್ನುವುದು ನಮ್ಮ ಹವ್ಯಾಸದವರಲ್ಲಿ ಎಲ್ಲರಿಗೂ ಗೊತ್ತು. ಬೊಂಬೆ ಅಂಟಿಸುವುದಕ್ಕೆ ಸರಿ, ಹಾರುವ ಗಾಡಿಗೆ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಆಗುತ್ತದೆ. ಒಳಗೆ ಜಾಲರಿ ಇರಬೇಕು, ಒಣಗಲು ಕಾಲ ಕೊಡಬೇಕು.

ಪಕ್ಕದ ಕಂಪ್ಯೂಟರ್ ಅಂಗಡಿಯವನ ಹತ್ತಿರ ಒಂದು ಸತ್ತ ಕೀಬೋರ್ಡ್ ಇಸ್ಕೊಂಡೆ. ಚಿಪ್ಪಿನ ಒಳಮೈಯಲ್ಲಿ ಎಬಿಎಸ್ ಅಂತ ಅಚ್ಚಿರುವುದನ್ನೇ ಆರಿಸಿ. ಕಪ್ಪು ಬಣ್ಣದ್ದಾದರೆ ಹಾರ್ನೆಟ್ ಟಬ್‌ಗೆ ಬಣ್ಣವೂ ಹೊಂದುತ್ತದೆ. ಸಣ್ಣ ಚೂರು ಮಾಡಿ, ಗಾಜಿನ ಉಪ್ಪಿನಕಾಯಿ ಬಾಟಲಿಗೆ ಹಾಕಿ, ಅಸಿಟೋನ್ ಸುರಿದು ಒಂದು ರಾತ್ರಿ ಮುಚ್ಚಿಟ್ಟೆ. ಬೆಳಗ್ಗೆ ಗಂಜಿ ತಯಾರು.

ಮೊದಲ ಸಲ ಗಂಜಿ ನೀರಾಗಿತ್ತು. ಒಂದೇ ಸಲಕ್ಕೆ ದಪ್ಪ ಬಳಿದೆ. ಟಬ್‌ನ ಗೋಡೆಯೇ ಮೆತ್ತಗಾಗಿ ಒಳಗೆ ಬಾಗಿಕೊಂಡಿತು. ಆ ರಾತ್ರಿ ನಿಜವಾಗಿ ಹೊಟ್ಟೆ ಉರಿಯಿತು. ಎರಡು ಮರದ ತುಂಡು, ಒಂದು ಕ್ಲ್ಯಾಂಪ್ ಹಾಕಿ ಹತ್ತು ದಿನ ಬಿಟ್ಟೆ. ಪುಣ್ಯಕ್ಕೆ ನೆಟ್ಟಗಾಯಿತು. ಆದರೆ ತೇಪೆಯ ಒಳಗೆಲ್ಲ ಗುಳ್ಳೆ. ಮೇಲಿನ ಪದರ ಮೊದಲು ಒಣಗಿ ಅಸಿಟೋನ್ ಒಳಗೇ ಸಿಕ್ಕಿಹಾಕಿಕೊಂಡಿತ್ತು.

ಎರಡನೇ ಸಲ ಹೀಗೆ ಮಾಡಿದೆ. ಬಿರುಕಿನ ತುದಿಯಲ್ಲಿ ಒಂದೂವರೆ ಮಿಲಿಮೀಟರ್ ತೂತು, ಅದು ಮುಂದಕ್ಕೆ ಓಡದ ಹಾಗೆ. ಬಿರುಕಿನ ಉದ್ದಕ್ಕೂ ಒಳಗಡೆಯಿಂದ ಇಳಿಜಾರಿನ ತೋಡು ಕೊರೆದೆ, ಗೋಡೆಯ ಅರ್ಧ ದಪ್ಪದಷ್ಟು. ಹಳೇ ಟೀ ಜಾಲರಿಯ ಸ್ಟೀಲ್ ಬಲೆ ಕತ್ತರಿಸಿ, ಸೋಲ್ಡರಿಂಗ್ ಕಬ್ಬಿಣದಲ್ಲಿ ಒತ್ತಿ ಒತ್ತಿ ಪ್ಲಾಸ್ಟಿಕ್ಕಿನೊಳಗೆ ಹೂತೆ. ಸೊಳ್ಳೆ ಪರದೆಯ ಬಲೆಯನ್ನೂ ನೋಡಿದ್ದೆ, ಅದು ಕಬ್ಬಿಣ ತಾಗಿದ ತಕ್ಷಣ ಸುರುಟಿಕೊಳ್ಳುತ್ತದೆ. ಆಮೇಲೆ ಜೇನುತುಪ್ಪದ ಹದದ ಗಂಜಿ, ತೆಳ್ಳಗೆ, ದಿನಕ್ಕೆ ಒಂದೇ ಕೋಟ್. ಒಟ್ಟು ಆರೋ ಏಳೋ ಕೋಟ್ ಆಯಿತು. ಕೊನೆಯ ಕೋಟ್ ಆದ ಮೇಲೆ ಎರಡು ವಾರ ಮುಟ್ಟಲೇ ಇಲ್ಲ. ಉಗುರು ಒತ್ತಿದರೆ ಗುರುತು ಬೀಳಬಾರದು, ಮೂಗಿಗೆ ವಾಸನೆ ಬರಬಾರದು. ಎಲ್ಲಾ ಕೆಲಸ ಮಹಡಿ ಮೇಲೆ ಬಯಲಲ್ಲಿ, ಬೆಂಕಿಯಿಂದ ದೂರ. ಕಬ್ಬಿಣದ ಕೆಲಸ ಪೂರ್ತಿ ಮುಗಿಸಿ ತಣ್ಣಗಾದ ಮೇಲೇ ಬಾಟಲಿ ಮುಚ್ಚಳ ತೆಗೆಯಿರಿ.

ಗಂಜಿಗೆ ಕೊನೆಯ ಎರಡು ಕೋಟ್‌ನಲ್ಲಿ ಒಂದು ಪುಡಿ ಬೆರೆಸುತ್ತೇನೆ. ನಮ್ಮ ರಿವೈಂಡಿಂಗ್ ಅಂಗಡಿಯಲ್ಲೇ ಸಿಗುವಂಥದ್ದು. ಅದನ್ನು ಹುಡುಕುವುದಕ್ಕೆ ನನಗೆ ನಾಲ್ಕು ತಿಂಗಳು ಹಿಡಿದಿದೆ, ಇಲ್ಲಿ ಹೇಳುವುದಿಲ್ಲ.

ಈ ನಡುವೆ ಒಂದು ದೊಡ್ಡ ನಷ್ಟವಾಯಿತು. ಗಂಜಿ ಕಲಸುವ ಬೆಂಚಿನ ಮೇಲೇ ಹಾರ್ನೆಟ್ ಬಾಡಿ ಇಟ್ಟಿದ್ದೆ. ಅದು ಪಾಲಿಕಾರ್ಬೊನೇಟ್. ಅಸಿಟೋನ್ ನಾಲ್ಕು ಹನಿ ಸಿಡಿದು ಬೆಳ್ಳಗೆ ಮಂಜು ಕವಿದ ಹಾಗಾಯಿತು, ಒಂದು ಕಡೆ ಸೀಳಿತು. ಮಾವ ಸ್ವಂತ ಕೈಯಲ್ಲಿ ಸ್ಟಿಕ್ಕರ್ ಅಂಟಿಸಿದ್ದ ಬಾಡಿ. ಹೊಸ ಬಾಡಿಗೆ 3,200 ರೂಪಾಯಿ ಕೊಟ್ಟೆ. ಹಳೆಯದನ್ನು ಬಿಸಾಡಿಲ್ಲ.

ಬೇರಿಂಗ್ ವಿಷಯದಲ್ಲಿ ಮಾತ್ರ ಒಳ್ಳೇ ಲಾಭ ಮಾಡಿದೆ. ನಾವೆಲ್ಲ 1150 ಬೇರಿಂಗ್ ಅಂತ ಹಾಬಿ ಅಂಗಡಿಯಲ್ಲಿ ಹೇಳಿದಷ್ಟು ದುಡ್ಡು ಕೊಡುತ್ತೇವೆ ಅಲ್ವಾ? ಅದು 5 ಮಿಲಿಮೀಟರ್ ಒಳಗು, 11 ಹೊರಗು, 4 ದಪ್ಪ. ಮಾಮೂಲಿ ಬೇರಿಂಗ್ ಅಂಗಡಿಯಲ್ಲಿ ಎಂಆರ್ 115 ಅಂತ ಕೇಳಿ. ನನಗೆ ಬಿದ್ದದ್ದು ಒಂದಕ್ಕೆ 55ರ ಆಸುಪಾಸು. ಎರಡು ಡಜನ್ ತಂದೆ, ಎರಡೂ ಗಾಡಿಗೆ ಹಾಕಿ ಒಂದಷ್ಟು ಉಳಿದವು. ಕೆರೆ ಧೂಳಿಗೆ ರಬ್ಬರ್ ಸೀಲ್ ಇರುವುದನ್ನೇ ತನ್ನಿ. ತಗಡು ಮುಚ್ಚಳದ್ದು ಮೂರನೇ ಭಾನುವಾರಕ್ಕೇ ಕರಕರ ಅನ್ನತೊಡಗಿತ್ತು.

ಮೋಟರ್ ನನ್ನದೇ ಕಸುಬು, ಸುಮ್ಮನೆ ಬಿಡಲಾಗಲಿಲ್ಲ. ಹಾರ್ನೆಟ್‌ನ ಹಳೇ 540 ಮೋಟರಿನ (540 ಅನ್ನುವುದು ಸೈಜಿನ ಹೆಸರು) ಡಬ್ಬಿಯ ಕಿವಿ ಬಗ್ಗಿಸಿ ಬಿಚ್ಚಿದೆ. ಮೂರು ಕಂಬದ ಆರ್ಮೇಚರ್, ಕಂಬಕ್ಕೆ 27 ಸುತ್ತು. ಅದನ್ನು 21ಕ್ಕೆ ಇಳಿಸಿ, ಒಂದು ಗೇಜ್ ದಪ್ಪ ತಂತಿ ಸುತ್ತಿ, ವಾರ್ನಿಷ್ ಹೊಡೆದು ಬೇಯಿಸಿದೆ. ಅಬ್ಬಾ, ಏನು ಓಟ! ಅಂಗಡಿಯಿಂದ ಆ ಕಡೆ ಟ್ರಾನ್ಸ್‌ಫಾರ್ಮರ್ ತನಕ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಆದರೆ 25 ನಿಮಿಷ ಬರುತ್ತಿದ್ದ ಬ್ಯಾಟರಿ ಹತ್ತೇ ನಿಮಿಷಕ್ಕೆ ಮುಗಿಯಿತು. ಬ್ರಷ್ಷಿನಲ್ಲಿ ನೀಲಿ ಕಿಡಿ. ಬ್ಯಾಲೆನ್ಸ್ ಸರಿಮಾಡಲು ಮತ್ತೆ ಮೂರು ಸಲ ಸುತ್ತಬೇಕಾಯಿತು. ನಾಲ್ಕನೆಯದು ನಡುಗದೆ ನಿಂತಿತು. ಅದು ಈಗ ಡಬ್ಬಿಯಲ್ಲಿದೆ, ಗಾಡಿಯಲ್ಲಿ 500 ರೂಪಾಯಿಯ ಮಾಮೂಲಿ ಹೊಸ ಮೋಟರ್ ಇದೆ. ಮೋಟರ್ ಕಿಟಕಿಗೆ ಧೂಳು ಹೋಗದಿರಲಿ ಅಂತ ಕಾಲುಚೀಲ ಸುತ್ತಿಯೂ ನೋಡಿದೆ. ಗಾಳಿಯಾಡದೆ ಕೈ ಇಡಲಾಗದಷ್ಟು ಕಾಯಿತು. ತೆಗೆದುಬಿಟ್ಟೆ.

ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಸ್ಪೀಡ್ ಕಂಟ್ರೋಲರ್ ಬಗ್ಗೆ ನನಗೂ ಗೆಳೆಯನಿಗೂ ಜಗಳವೇ ಆಯಿತು. ಸರ್ವೋ (ರಿಮೋಟ್ ಹೇಳಿದಂತೆ ತಿರುಗುವ ಪುಟ್ಟ ಮೋಟರ್) ತಳ್ಳುವ ಹಳೇ ತಾಮ್ರದ ಕಂಟ್ರೋಲರೇ ಇರಬೇಕು ಅಂತ ಅವನ ಹಟ. ಅದರ ಸಂಪರ್ಕ ತಟ್ಟೆ ಕಪ್ಪಾಗಿತ್ತು. ನನ್ನ ಹೆಂಡತಿ ದೇವರ ಪಾತ್ರೆ ಉಜ್ಜುವ ಹುಣಸೆಹಣ್ಣು ಕೊಟ್ಟಳು. ಉಜ್ಜಿ, ನೀರಲ್ಲಿ ಚೆನ್ನಾಗಿ ತೊಳೆದು, ಬಿಸಿಲಲ್ಲಿ ಒಣಗಿಸಿದೆ, ಫಳಫಳ ಹೊಳೆಯಿತು. ನನ್ನ ಗಾಡಿಗೆ ಎಲೆಕ್ಟ್ರಾನಿಕ್ ಕಂಟ್ರೋಲರ್ ಹಾಕಿದೆ, 1,800 ರೂಪಾಯಿ. ಮೊದಲ ಓಟದಲ್ಲೇ ಅವನದ್ದು ಪೂರ್ತಿ ವೇಗದಲ್ಲಿ ಸಿಕ್ಕಿಕೊಂಡು ಗಾಡಿ ನೇರ ಜಾಲಿ ಪೊದೆಗೆ ನುಗ್ಗಿತು. ತಟ್ಟೆ ಮೇಲೆ ಆಡುವ ತೋಳಿನ ಸ್ಪ್ರಿಂಗ್ ಸೋತಿತ್ತು. ಬಾಲ್‌ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕಿದೆ, ಆವತ್ತಿನಿಂದ ಸರಿಯಾಗಿದೆ. ಟೈರಿನಲ್ಲಿ ಆರು ಮುಳ್ಳು ಇದ್ದವು. ಗಾಳಿ ತುಂಬಿದ ಟೈರ್ ಅಲ್ಲವಲ್ಲ, ಕಿತ್ತು ಹಾಕಿ ಓಡಿಸಿದೆವು.

ಅವನ ಗಾಡಿಯ ಬಾಡಿ ಬೆಳ್ಳಗಾಗಿಸಿದ್ದು ಬ್ಯೂಟಿ ಪಾರ್ಲರಿನ ಪೆರಾಕ್ಸೈಡ್ ಕ್ರೀಮಿನಲ್ಲಿ. ಬಳಿದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಏಪ್ರಿಲ್ ಬಿಸಿಲಿಗೆ ಮೂರು ದಿನ ಇಟ್ಟೆವು. ಗಂಟೆಗೊಮ್ಮೆ ತಿರುಗಿಸದಿದ್ದರೆ ಪಟ್ಟೆ ಪಟ್ಟೆ ಬರುತ್ತದೆ. ನಮಗೂ ಒಂದು ಪಟ್ಟೆ ಉಳಿದಿದೆ.

ಖರ್ಚು ಹೇಳಿಬಿಡುತ್ತೇನೆ. ಎರಡು 2.4 ಗಿಗಾಹರ್ಟ್ಸ್ ರಿಮೋಟ್ 8,000. ಎರಡೂ ಗಾಡಿಗೆ ಟೈರ್ 5,500. ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಪ್ಯಾಕ್ ಎರಡು, 3,400. ಚೌಕ ಮೂಲೆಯ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ನನ್ನ ಟಬ್‌ನಲ್ಲಿ ಕೂರಲಿಲ್ಲ, ಕೂರಿಸಲು ಟಬ್ ಕೆತ್ತಲು ನನಗೆ ಮನಸ್ಸಿಲ್ಲ. ಚಾರ್ಜರ್ 2,200. ಬಾಡಿ, ಬೇರಿಂಗ್, ಮೋಟರ್, ಅಸಿಟೋನ್ ಎಲ್ಲಾ ಸೇರಿ 26,000 ದಾಟಿದೆ, ಅರ್ಧರ್ಧ ಹಾಕಿದೆವು. ಅದರಲ್ಲಿ ಟಬ್ ರಿಪೇರಿಗೆ ಹಿಡಿದದ್ದು, ದಂಡವಾದ ಆ 2,000 ಬಿಟ್ಟರೆ, ಮುನ್ನೂರು ರೂಪಾಯಿಯೂ ಇಲ್ಲ. ತುಮಕೂರಿನಲ್ಲಿ ಈ ಕೆಲಸ ಹೀಗೆ ಮಾಡಿದವರು ಬೇರೆ ಯಾರೂ ಇಲ್ಲ ಅಂತಲೇ ನನ್ನ ನಂಬಿಕೆ.

ಮಾರ್ಚ್ ಕೊನೆಯ ಭಾನುವಾರ ಅವನು ಬೆಳಗಿನ ರೈಲಿಗೆ ಬಂದ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಅಲ್ಲಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಕೆರೆಗೆ ಹೋದೆವು. ನೀರು ಬತ್ತಿ ಅಂಗಳ ಬಿರಿದಿತ್ತು. ಇಬ್ಬರೂ ಒಟ್ಟಿಗೆ ಸ್ವಿಚ್ ಹಾಕಿದೆವು. ಅವನು ಅಭ್ಯಾಸಬಲದಿಂದ ಗಾಡಿಯನ್ನು ಕಾಲಲ್ಲಿ ಅಡ್ಡಗಟ್ಟಿ ಹಿಡಿದಿದ್ದ, ನನ್ನ ರಿಮೋಟಿಗೆ ಅದು ಓಡಿಬಿಡುತ್ತದೆ ಅಂತ. ಓಡಲಿಲ್ಲ. "ಕಾಲು ತೆಗಿಯೋ" ಅಂದೆ.

ನೇರ ದಾರಿಯಲ್ಲಿ ನನ್ನ 540 ಮುಂದೆ ಹೋಗುತ್ತದೆ. ಅವನದ್ದು ಚಿಕ್ಕ 380 ಮೋಟರ್, ಹಿಂದೆ ಆಯಿಲ್ ಡ್ಯಾಂಪರ್ (ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್) ಕೂಡ ಇಲ್ಲ. ಆದರೂ ಬಿರುಕು ನೆಲದ ತಿರುವಿನಲ್ಲಿ ಅವನನ್ನು ಹಿಡಿಯುವುದು ಕಷ್ಟ. ನನ್ನದು ವೇಗ ಜಾಸ್ತಿಯಾಗಿ ಪುಟಿದು ಪುಟಿದು ದಾರಿ ತಪ್ಪುತ್ತದೆ. ಡ್ಯಾಂಪರಿಗೆ ಮೂರು ತರದ ಎಣ್ಣೆ ಹಾಕಿ ನೋಡಿದ್ದೇನೆ. ಸದ್ಯಕ್ಕೆ ಹೊಲಿಗೆ ಮಿಷನ್ ಎಣ್ಣೆಗಿಂತ ಸ್ವಲ್ಪ ಗಟ್ಟಿಯಾದದ್ದು ಸರಿಹೋಗಿದೆ. ಕೆರೆ ಏರಿಯಿಂದ ಇಳಿಯುವ ಕಡೆ ಒಂದು ದಿಬ್ಬವಿದೆ, ಅಲ್ಲಿ ಸೊಂಟದೆತ್ತರ ಹಾರಿಸಿದೆ. ಒಂದು ಸಲ ಅಲ್ಲ, ಹನ್ನೊಂದು ಸಲ. ಅವನೇ ಬಂದು ಟಬ್ ತಿರುಗಿಸಿ, ಮೊಬೈಲ್ ಟಾರ್ಚ್ ಹಾಕಿ ಬಿರುಕು ಹುಡುಕಿದ. ಸಿಗಲಿಲ್ಲ. "ನಂದಕ್ಕೂ ಮಾಡ್ಕೊಡು" ಅಂದ.

ಈಗ ಮಳೆ ಬಂದು ಕೆರೆಯಲ್ಲಿ ಮೊಣಕಾಲು ನೀರಿದೆ. ಗ್ರಾಸ್‌ಹಾಪರ್ ನನ್ನ ಬೆಂಚಿನ ಮೇಲಿದೆ. ಅವನ ಟಬ್‌ನಲ್ಲೂ ಸ್ಕ್ರೂ ಕೂರುವ ಕಡೆ ಎರಡು ಸಣ್ಣ ಬಿರುಕು ಸಿಕ್ಕವು. ಜಾಲರಿ ಹೂತಾಗಿದೆ, ನಿನ್ನೆ ಮೂರನೇ ಕೋಟ್ ಬಳಿದೆ.