ವಿಜಯಪುರದ ಥಂಡಿಯಲ್ಲಿ ಮಾಳಿಗೆ ತೋಟ: ನನ್ನ ಅನುಭವ

ಡಿಸೆಂಬರ್ ಕೊನೆಯಲ್ಲೂ ನಮ್ಮ ಮಾಳಿಗೆ ಮೇಲೆ ಮಧ್ಯಾಹ್ನದ ಬಿಸಿಲು ಚುರುಗುಡುತ್ತದೆ. 30 ಡಿಗ್ರಿ ಹತ್ತಿರ ಹೋಗುವುದು ಇಲ್ಲಿ ಸಾಮಾನ್ಯ. ಅದೇ ಜಾಗದಲ್ಲಿ ಮರುದಿನ ನಸುಕಿಗೆ 10 ಡಿಗ್ರಿ, ಕೆಲವು ದಿನ ಅದಕ್ಕೂ ಕೆಳಗೆ. ನಮಗಾದರೆ ಸ್ವೆಟರ್ ಇದೆ, ಕೌದಿ ಇದೆ. ಕುಂಡದಲ್ಲಿರುವ ಮೆಣಸಿನ ಗಿಡ ಈ ಏರಿಳಿತವನ್ನು ನಿಂತಲ್ಲೇ ತಾಳಿಕೊಳ್ಳಬೇಕು. ವಿಜಯಪುರದಲ್ಲಿ ಕೈತೋಟ ಮಾಡುವವರಿಗೆ ನಾನು ಹೇಳುವುದು ಇದನ್ನೇ: ಹಗಲಿನ ಬಿಸಿಲನ್ನು ರಾತ್ರಿಗೆ ಉಳಿಸಿಕೊಳ್ಳುವುದು ಹೇಗೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮ ಊರು ಸಮುದ್ರದಿಂದ ದೂರ, ಸುಮಾರು 600 ಮೀಟರ್ ಎತ್ತರದ ಬಯಲು. ಚಳಿಗಾಲದಲ್ಲಿ ಗಾಳಿಯಲ್ಲಿ ತೇವ ಕಡಿಮೆ, ಮೋಡವೂ ಕಡಿಮೆ. ಹಗಲೆಲ್ಲ ನೆಲ ಕುಡಿದ ಶಾಖ ರಾತ್ರಿ ಮೇಲಕ್ಕೆ ಹೋಗಿಬಿಡುತ್ತದೆ. ಮೋಡವಿದ್ದರೆ ಅದಕ್ಕೆ ತಡೆ ಇರುತ್ತದೆ. ಪಕ್ಕದ ಮನೆಯ ಕಾಕಾ ಹೊಲದಲ್ಲೇ ಜೀವ ಸವೆಸಿದವರು. ಅವರು ಹೇಳಿದ್ದು ನನಗೆ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. "ಮೋಡ ಇದ್ರ ಹೆದರಬ್ಯಾಡವ್ವಾ. ಸಂಜಿಗೆ ಮುಗಲು ನಿಚ್ಚಳ ಇದ್ದು ಗಾಳಿ ನಿಂತಿತ್ತಂದ್ರ ಅವತ್ತ ಥಂಡಿ ಬಿತ್ತಂತ ತಿಳಕೋ." ನಾನು ದಿನಾ ಸಂಜೆ ಮಾಳಿಗೆ ಹತ್ತಿ ನೋಡುವುದು ಮೊದಲು ಮುಗಿಲನ್ನು, ಆಮೇಲೆ ಗಿಡವನ್ನು.

ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ನೋಡುತ್ತೇನೆ. ಬಯಲು ಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕಡಿಮೆಯಾದರೆ ಅವರು ಅದನ್ನು ಶೀತಗಾಳಿ ಅನ್ನುತ್ತಾರೆ. ಆದರೆ ಟೊಮೆಟೊ ಅಲ್ಲಿಯವರೆಗೆ ಕಾಯುವುದಿಲ್ಲ. ರಾತ್ರಿ 13 ಡಿಗ್ರಿಗಿಂತ ಕೆಳಗೆ ಹೋದರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ, ಹೂವು ಉದುರುತ್ತದೆ. ಅದಕ್ಕೇ ಗಿಡದ ಎತ್ತರಕ್ಕೆ ಒಂದು ಥರ್ಮಾಮೀಟರ್ ಕಟ್ಟಿದ್ದೇನೆ. ನಿಚ್ಚಳ ರಾತ್ರಿಯಲ್ಲಿ ಅದು ಮೊಬೈಲ್ ತೋರಿಸುವುದಕ್ಕಿಂತ ಕಡಿಮೆಯೇ ತೋರಿಸುತ್ತದೆ. ನನಗೆ ಬೇಕಾಗಿದ್ದು ನನ್ನ ಕುಂಡದ ಲೆಕ್ಕ, ಊರಿನ ಲೆಕ್ಕವಲ್ಲ.

ಇನ್ನು ನೀರು. ಒಣ ಮಣ್ಣಿಗಿಂತ ಹಸಿ ಮಣ್ಣು ಜಾಸ್ತಿ ಶಾಖ ಹಿಡಿದಿಟ್ಟುಕೊಳ್ಳುತ್ತದೆ. ಥಂಡಿ ಬರುತ್ತದೆ ಅಂತ ಗೊತ್ತಾದ ದಿನ ಬೆಳಿಗ್ಗೆ 10 ಗಂಟೆ ಮೇಲೆ ನೀರು ಕೊಡುತ್ತೇನೆ. ನಸುಕಿನಲ್ಲಿ ಟಾಕಿ ನೀರು ಮುಟ್ಟಿದರೆ ಕೈ ಸೆಡೆಯುತ್ತದೆ, ಅದನ್ನು ಬೇರಿಗೆ ಸುರಿಯುವುದು ಸರಿಯಲ್ಲ. ಸಂಜೆ ಎಲೆ ತೋಯಿಸುವುದಂತೂ ಬೇಡವೇ ಬೇಡ. ಮಧ್ಯಾಹ್ನದ ಬಿಸಿಲಿಗೆ ಆ ಹಸಿ ಮಣ್ಣು ಕಾದು, ರಾತ್ರಿ ನಿಧಾನವಾಗಿ ಶಾಖ ಬಿಡುತ್ತದೆ.

ಆ ಶಾಖವನ್ನು ಹಿಡಿದಿಡುವುದು ಹೊದಿಕೆಯ ಕೆಲಸ. ಕುಂಡಗಳ ಸುತ್ತ ಬಿದಿರು ಕಡ್ಡಿ ನೆಟ್ಟು, ಹಳೆಯ ಕಾಟನ್ ಸೀರೆ ಇಳಿಬಿಡುತ್ತೇನೆ. ಕಡ್ಡಿ ಗಿಡಕ್ಕಿಂತ ಒಂದು ಗೇಣು ಎತ್ತರ ಇರಬೇಕು, ಬಟ್ಟೆ ಎಲೆಗೆ ತಾಗಬಾರದು. ಸೀರೆಯ ಅಂಚು ನೆಲದವರೆಗೂ ಬರಬೇಕು, ಅದರ ಮೇಲೆ ನಾಲ್ಕೂ ಕಡೆ ಇಟ್ಟಿಗೆ ಇಡಬೇಕು. ಬರೀ ತಲೆಗೆ ಮುಸುಕು ಹಾಕಿ ಕೆಳಗೆ ತೆರೆದು ಬಿಟ್ಟರೆ ಏನೂ ಉಪಯೋಗವಿಲ್ಲ, ಏಕೆಂದರೆ ಶಾಖ ಬರುವುದೇ ಮಣ್ಣಿನಿಂದ. ಹೊತ್ತು ಮುಳುಗುವ ಮೊದಲೇ ಹೊದಿಸಿ. ಕತ್ತಲಾದ ಮೇಲೆ ಹೊದಿಸಿದರೆ ಆಗಲೇ ಬಹಳಷ್ಟು ಶಾಖ ಹೋಗಿರುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ತೆಗೆಯಿರಿ. ಪ್ಲಾಸ್ಟಿಕ್ ಹಾಳೆ ನಾನು ಬಳಸುವುದಿಲ್ಲ. ಅದಕ್ಕೆ ತಾಗಿದ ಎಲೆ ಥಂಡಿಗೆ ಮೊದಲು ಸುಡುತ್ತದೆ. ಒಳಗೆ ನೀರು ಹನಿಗಟ್ಟುತ್ತದೆ. ಬೆಳಿಗ್ಗೆ ತೆಗೆಯುವುದು ತಡವಾದರೆ ನಮ್ಮ ಬಿಸಿಲಿಗೆ ಗಿಡ ಒಳಗೇ ಬೇಯುತ್ತದೆ.

ಮೆಟ್ಟಿಲು ಕೋಣೆಯ ಪಡುವಣ ಗೋಡೆ ನನ್ನ ತೋಟದ ಅತಿ ಬೆಚ್ಚನೆ ಜಾಗ. ಮಧ್ಯಾಹ್ನದ ಬಿಸಿಲೆಲ್ಲ ಅದರ ಮೇಲೆ ಬೀಳುತ್ತದೆ, ರಾತ್ರಿ ಊಟದ ಹೊತ್ತಿಗೆ ಕೈ ಇಟ್ಟರೂ ಬಿಸಿ ಹತ್ತುತ್ತದೆ. ಚಳಿಗಾಲದ ಗಾಳಿ ನಮ್ಮಲ್ಲಿ ಹೆಚ್ಚಾಗಿ ಮೂಡಣದಿಂದ ಬರುವುದರಿಂದ ಅಲ್ಲಿ ಗಾಳಿ ಮರೆಯೂ ಇದೆ. ದೀಪಾವಳಿ ಮುಗಿದ ಮೇಲೆ ತುಳಸಿ, ಮೆಣಸು, ಬದನೆ ಕುಂಡಗಳನ್ನು ಆ ಗೋಡೆಗೆ ಸರಿಸುತ್ತೇನೆ. ಕುಂಡದ ಸುತ್ತ ಗೋಣಿ ಚೀಲ ಸುತ್ತುತ್ತೇನೆ. ನೆಲದಲ್ಲಿರುವ ಗಿಡಕ್ಕಿಂತ ಕುಂಡದ ಗಿಡದ ಬೇರು ಬೇಗ ತಣ್ಣಗಾಗುತ್ತದೆ, ಸುತ್ತಲೂ ಗಾಳಿ ಹೊಡೆಯುತ್ತದಲ್ಲ.

ಮಣ್ಣಿಗೆ ಹೊದಿಕೆ ಅಂತ ಜೋಳದ ಸೊಪ್ಪೆಯನ್ನೋ ಕಡಲೆ ಹೊಟ್ಟನ್ನೋ ಎಲ್ಲರೂ ಹಾಕುತ್ತಾರೆ. ಬೇಸಿಗೆಗೆ ಅದು ದೊಡ್ಡ ಆಸರೆ. ಥಂಡಿ ದಿನಗಳಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕು. ದಪ್ಪ ಹೊಟ್ಟು ಹಾಕಿದರೆ ಬಿಸಿಲು ಮಣ್ಣಿಗೆ ತಲುಪುವುದಿಲ್ಲ, ರಾತ್ರಿ ಮಣ್ಣಿನ ಶಾಖ ಎಲೆಗೂ ಬರುವುದಿಲ್ಲ. ಎಳೆ ಸಸಿಗಳ ಬುಡದಿಂದ ಹೊಟ್ಟನ್ನು ಬದಿಗೆ ಸರಿಸಿ, ಮಣ್ಣನ್ನು ಬಿಸಿಲಿಗೆ ಬಿಡುತ್ತೇನೆ. ನಮ್ಮ ಕರಿಮಣ್ಣು ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ಅದು ನಮಗಿರುವ ದೊಡ್ಡ ಲಾಭ.

ಎಳ್ಳ ಅಮವಾಸ್ಯೆ ಹಿಂದೆ ಮುಂದೆ ಬಹಳ ಜನ ಗಿಡ ನೋಡಿ ಗಾಬರಿಯಾಗುತ್ತಾರೆ. ಕರಿಬೇವು ಹಳದಿಯಾಗಿ ಎಲೆ ಉದುರಿಸುತ್ತದೆ. ಉಗುರಿನಿಂದ ಕಾಂಡದ ಸಿಪ್ಪೆ ಚೂರು ಕೆರೆಯಿರಿ. ಒಳಗೆ ಹಸಿರು ಕಂಡರೆ ಜೀವ ಇದೆ, ಸುಮ್ನೆ ಬಿಡಿ, ನೀರು ಕಡಿಮೆ ಮಾಡಿ. ಟೊಮೆಟೊ ಸಸಿಯ ಎಲೆಯ ಕೆಳಗೆ ನೇರಳೆ ಬಣ್ಣ ಬಂದರೆ ಬೇರು ತಣ್ಣಗಾಗಿದೆ ಎಂದರ್ಥ. ಮಣ್ಣಿನಲ್ಲಿ ರಂಜಕ (ಫಾಸ್ಫರಸ್) ಇದ್ದರೂ ತಣ್ಣನೆ ಬೇರು ಅದನ್ನು ಎಳೆದುಕೊಳ್ಳಲಾರದು. ಅದಕ್ಕೆ ಗೊಬ್ಬರ ಮದ್ದಲ್ಲ, ಬೆಚ್ಚಗಿನ ಜಾಗವೇ ಮದ್ದು. ಥಂಡಿಯಲ್ಲಿ ಯೂರಿಯಾ ಕೊಟ್ಟರೆ ಬರುವ ಎಳೆ ಚಿಗುರೇ ಮೊದಲು ಕಪ್ಪಾಗುತ್ತದೆ. ಕಪ್ಪಾದ ತುದಿಗಳನ್ನು ತಕ್ಷಣ ಕತ್ತರಿಸಬೇಡಿ. ಒಳಗಿನ ಕೊಂಬೆಗೆ ಅವೇ ಮರೆ.

ಬೇವಿನ ಎಣ್ಣೆಯ ಬಗ್ಗೆ ಒಂದು ಮಾತು. ಜನವರಿಯಲ್ಲಿ ಬಾಟಲಿಯೊಳಗೆ ಅದು ಹೆಪ್ಪುಗಟ್ಟಿರುತ್ತದೆ. ಬಾಟಲಿಯನ್ನು ಬಿಸಿನೀರಲ್ಲಿಟ್ಟು ಕರಗಿಸಿ. ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿಲಿಯಷ್ಟು ಎಣ್ಣೆ, ಸ್ವಲ್ಪ ಸಾಬೂನು ನೀರು ಸೇರಿಸಿ ಚೆನ್ನಾಗಿ ಕಲಕಿ. ತಣ್ಣೀರಲ್ಲಿ ಅದು ಬೆರೆಯುವುದೇ ಇಲ್ಲ. ಎಲೆಯ ರಸ ಹೀರುವ ಸಸ್ಯಹೇನಿಗೆ ಇದನ್ನು ಸಿಂಪಡಿಸಿದರೆ ಸಾಕಾಗುತ್ತದೆ.

ಥಂಡಿಯನ್ನು ಬೇಡುವ ಬೆಳೆಗಳೂ ಇವೆ ಅನ್ನುವುದನ್ನು ಮರೆಯಬಾರದು. ಮೆಂತೆ, ಕೊತ್ತಂಬರಿ, ಪಾಲಕ್, ಗಜ್ಜರಿ ಈ ದಿನಗಳಲ್ಲೇ ರುಚಿ. ನಾನು ಅಗಲವಾದ ಟಬ್ಬಿನಲ್ಲಿ ಕಡಲೆಯನ್ನೂ ಹಾಕುತ್ತೇನೆ. ಎಳೆ ಕುಡಿ ಚಿವುಟಿದಷ್ಟೂ ಕವಲು ಒಡೆಯುತ್ತದೆ, ಮನೆಗೆ ಕಡಲೆ ಪಲ್ಲೆ ಆಗುತ್ತದೆ. ನಸುಕಿನಲ್ಲಿ ಆ ಎಲೆ ಮುಟ್ಟಿ ಬೆರಳು ನಾಲಿಗೆಗಿಟ್ಟರೆ ಹುಳಿ. ಎಲೆಯ ಮೇಲಿನ ಸಣ್ಣ ಕೂದಲುಗಳಿಂದ ಆಮ್ಲ ಒಸರಿ ಇಬ್ಬನಿಯಲ್ಲಿ ಬೆರೆಯುತ್ತದೆ. ಹೊಲಗಳಲ್ಲಿ ರಾತ್ರಿ ಕಡಲೆ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಕಡಲೆ ಹುಳಿ ತೆಗೆಯುವುದು ಇದನ್ನೇ. ಹೊಟ್ಟೆನೋವಿಗೆ ಅಂತ ಹಿರಿಯರು ಅದನ್ನು ಜೋಪಾನವಾಗಿ ಇಡುತ್ತಿದ್ದರು.

ಈಗೀಗ ಕಷ್ಟವಾಗಿರುವುದು ಹಂಗಾಮು ಹೇಳಿದ ಹಾಗೆ ಬರದಿರುವುದು. 2020ರ ಅಕ್ಟೋಬರ್‌ನಲ್ಲಿ ಭೀಮಾ ತೀರಕ್ಕೆ ಪ್ರವಾಹ ತಂದ ಮಳೆ ನೋಡಿದೆವು. 2023ರಲ್ಲಿ ಮುಂಗಾರು ಕೈಕೊಟ್ಟು ಬರ ನೋಡಿದೆವು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಥಂಡಿಯ ನಡುವೆಯೇ ಮೋಡ ಕವಿದು ಜಿಟಿಜಿಟಿ ಮಳೆ. ಫೆಬ್ರುವರಿ ನಡುವಿಗೇ ಬಿಸಿಲು ಏರಿದರೆ ಕೊತ್ತಂಬರಿ ಎಲೆ ಬಿಟ್ಟು ಹೂವಿಗೆ ಬರುತ್ತದೆ. ಹಸ್ತ ಮಳೆ, ಚಿತ್ತಿ ಮಳೆ ಅಂತ ಲೆಕ್ಕ ಹಾಕಿ ಒಂದೇ ಸಲ ಬೀಜ ಹಾಕುವುದನ್ನು ನಾನು ಬಿಟ್ಟೆ. ಈಗ ಹದಿನೈದು ದಿನಕ್ಕೊಮ್ಮೆ ಒಂದೊಂದು ಹಿಡಿ. ಒಂದು ಸಾಲು ಮಳೆಗೆ ಕೊಳೆತರೆ ಇನ್ನೊಂದು ಉಳಿಯುತ್ತದೆ. ಕರಿಮಣ್ಣು ನೀರು ಬಿಡುವುದಿಲ್ಲವಾದ್ದರಿಂದ ಕುಂಡಕ್ಕೆ ಉಸುಕು, ತಿಪ್ಪೆ ಗೊಬ್ಬರ ಎರಡನ್ನೂ ಧಾರಾಳವಾಗಿ ಬೆರೆಸುತ್ತೇನೆ.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತದೆ ಅನ್ನುತ್ತಾರೆ. ನಾನು ಥರ್ಮಾಮೀಟರನ್ನೂ ಕೇಳುತ್ತೇನೆ. ರಾತ್ರಿ ಸತತವಾಗಿ 16 ಡಿಗ್ರಿ ದಾಟಿದ ಮೇಲೆ ಒಣ ತುದಿಗಳನ್ನು ಕತ್ತರಿಸಿ, ಸರಿಸಿಟ್ಟ ಹೊಟ್ಟನ್ನು ಮತ್ತೆ ಬುಡಕ್ಕೆ ಎಳೆದು, ಬೆಂಡೆ, ಹೀರೆ, ಸವತೆ ಬೀಜ ಹಾಕುತ್ತೇನೆ. ಅದಕ್ಕಿಂತ ಮೊದಲು ಹಾಕಿದ ಬೆಂಡೆ ಬೀಜ ತಣ್ಣನೆ ಮಣ್ಣಿನಲ್ಲಿ ಮೊಳೆಯದೇ ಕೊಳೆಯುತ್ತದೆ. ಬೆಚ್ಚಗಾದ ಮೇಲೆ ಹಾಕಿದ್ದು ಒಂದು ವಾರದೊಳಗೆ ತಲೆ ಎತ್ತುತ್ತದೆ.